ನಮ್ಮ ಮನೆಯ ಗುಡುಗಿನ ಇಲಾಖೆ

ಗುಡುಗು ಎಂದರೆ ಮೋಡದಿಂದ ಬರುವ ಸದ್ದು ಎಂದು ಶಾಲೆಯಲ್ಲಿ ನನಗೂ ಕಲಿಸಿದ್ದರು. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಪಾಸೂ ಆಗಿದ್ದೇನೆ. ಆದರೆ ಮನೆಗೆ ಬಂದು ಪಾಟಿಚೀಲ ಇಳಿಸುವಷ್ಟರಲ್ಲಿ "ಯಾರಲೇ ಅದು, ದನದ ಹಗ್ಗಾ ಬಿಚ್ಚಿ ಬಿಟ್ಟಾಂವ!" ಎಂಬ ಸದ್ದು ಹಿತ್ತಲಿನಿಂದ ಹೊರಟು, ಅಡುಗೆಮನೆಯ ತಾಟುಗಳನ್ನು ಝಲ್ಲೆನಿಸಿ, ಪಡಸಾಲೆ ದಾಟಿ, ಬೀದಿಯಲ್ಲಿ ಮಲಗಿದ ನಾಯಿಯನ್ನು ಎಬ್ಬಿಸುತ್ತಿತ್ತು. ತಲೆ ಎತ್ತಿ ನೋಡಿದರೆ ಆಕಾಶದಲ್ಲಿ ಅಂಗೈಯಷ್ಟು ಮೋಡವೂ ಇಲ್ಲ. ಅಂದಿನಿಂದ ಪಠ್ಯಪುಸ್ತಕದ ಮೇಲೆ ನನಗೆ ಒಂದು ಸಣ್ಣ ಅನುಮಾನ ಉಳಿದುಬಿಟ್ಟಿದೆ. ಐನಾಪುರದ ನಮ್ಮ ಓಣಿಯಲ್ಲಿ ಗುಡುಗು ಹುಟ್ಟುವುದು ನಮ್ಮಪ್ಪನ ಗಂಟಲಿನಲ್ಲಿ. ಆಕಾಶ ವರ್ಷಕ್ಕೆ ಕೆಲವು ಸಲ ಅದನ್ನು ಕಾಪಿ ಹೊಡೆಯುತ್ತದೆ, ಅಷ್ಟೆ.

ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಅಪ್ಪ ಮೊಬೈಲಿನಲ್ಲಿ ಮಾತನಾಡುವುದನ್ನು ನೀವು ಒಮ್ಮೆ ನೋಡಬೇಕು. ಕಾಗವಾಡದಲ್ಲಿರುವ ಸಂಬಂಧಿಕರಿಗೆ ಫೋನು ಹಚ್ಚಿದರೆ, ನಡುವೆ ಆ ಫೋನು ಯಾಕೆ ಬೇಕಿತ್ತು ಎಂದು ಸುತ್ತಲಿದ್ದವರಿಗೆ ಅನಿಸುತ್ತದೆ. ಗುಟ್ಟಿನ ವಿಷಯವಿದ್ದರೆ ಅವ್ವ ಅವನನ್ನು ಹೊಲಕ್ಕೆ ಕಳಿಸಿ ಅಲ್ಲಿಂದ ಮಾತಾಡಲು ಹೇಳುತ್ತಾಳೆ. ಆಗ ಗುಟ್ಟು ಮೊದಲು ಹೊಲದವರಿಗೆ ತಿಳಿದು ಅಲ್ಲಿಂದ ಊರಿಗೆ ಬರುತ್ತದೆ. ಹಾಗಂತ ಅಪ್ಪ ಕೆಟ್ಟವನಲ್ಲ. ಗುಡುಗು ಬರೀ ಬಾಯಿ, ಸಿಡಿಲು ಕೈ. ಅಪ್ಪನದು ಇವತ್ತಿನವರೆಗೂ ಬಾಯಿಯಲ್ಲೇ ಮುಗಿದಿದೆ. ನನ್ನಂಥ ಮಗನಿದ್ದೂ ಮುಗಿದಿದೆ ಎಂಬುದು ದೊಡ್ಡ ಮಾತು.

ನನ್ನಂಥ ಮಗ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಹೆಸರು ಸಂತೋಷ, ಊರಿಗೆ ಸಂತ್ಯಾ. ನನಗೆ ಬರುವ ವಿದ್ಯೆ ಒಂದೇ, ಅದು ಬೇರೆಯವರ ದನಿ. ಬಸ್ಸಿನ ಬಾಗಿಲಲ್ಲಿ ನಿಂತು "ಚಲಾ ಚಲಾ, ಮುಂದ್ ಸರೀರಿ, ಪುಢೇ ಜಾಗಾ ಐತಿ" ಎಂದು ಕನ್ನಡ ಮರಾಠಿ ಕಲಸಿ ಒಂದೇ ಉಸಿರಿನಲ್ಲಿ ಎರಡು ರಾಜ್ಯಗಳನ್ನು ತುಂಬುವ ಕಂಡಕ್ಟರು, ಹಲ್ಲಿನ ಸೆಟ್ಟು ತೆಗೆದಿಟ್ಟು ಸೊಸೆಯನ್ನು ಬಯ್ಯುವ ಮುದುಕಿ, ಮದುವೆಯಲ್ಲಿ ಮೈಕು ಕೈಗೆ ಸಿಕ್ಕೊಡನೆ ಬೀಗರ ಹೆಸರೇ ಮರೆತುಹೋಗುವ ಹಿರಿಯರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಊಟದ ಪಂಕ್ತಿ ಏಳುವುದು ತಡವಾದರೆ ನನ್ನನ್ನು ಕರೆದು ನಿಲ್ಲಿಸುತ್ತಾರೆ. ಬಾಸುಂದಿ ಕಡಿಮೆ ಬಿದ್ದಾಗಲೂ ನನ್ನನ್ನೇ ನಿಲ್ಲಿಸುತ್ತಾರೆ. ಇಷ್ಟೆಲ್ಲ ಬಂದರೂ ಒಂದು ದನಿ ಮಾತ್ರ ನನಗೆ ಬರುವುದಿಲ್ಲ, ಅದು ಅಪ್ಪನದು. ಕೆನ್ನೆ ಉಬ್ಬಿಸಿ ನೋಡಿದ್ದೇನೆ, ಹೊಟ್ಟೆಯಿಂದ ಎಳೆದು ನೋಡಿದ್ದೇನೆ, ಖಾಲಿ ನೀರಿನ ಟಾಕಿಯೊಳಗೆ ತಲೆ ತೂರಿಸಿ ಕೂಗಿ ಅರ್ಧ ದಿನ ಕಿವುಡನೂ ಆಗಿದ್ದೇನೆ. ಗೆಳೆಯರು ತೀರ್ಪು ಕೊಟ್ಟಿದ್ದಾರೆ: "ಇದು ನಿಮ್ಮಪ್ಪ ಅಲ್ಲಲೇ. ನೆಗಡಿ ಆದ ನಿಮ್ಮಪ್ಪ."

ಗುಡುಗು ಎಂಬ ಪದವನ್ನು ಜನ ಎಷ್ಟು ಧಾರಾಳವಾಗಿ ಬಳಸುತ್ತಾರೆ ನೋಡಿ. ಪತ್ರಿಕೆಯಲ್ಲಿ ದೊಡ್ಡ ಮನುಷ್ಯರು ಮಾತನಾಡುವುದೇ ಇಲ್ಲ, ಗುಡುಗುತ್ತಾರೆ. ಚಿಕ್ಕೋಡಿಯಲ್ಲಿ ಒಬ್ಬರು ಗುಡುಗಿದರು ಎಂದು ಓದಿ, ಮರುವಾರ ಅವರು ನಿಪ್ಪಾಣಿಗೆ ಬಂದಾಗ ದನಿ ಕಲಿಯುವ ಆಸೆಯಿಂದ ನಾನೂ ಹೋಗಿದ್ದೆ. ಮೈಕು ಕೆಟ್ಟಿತ್ತು. ಮುಂದಿನ ಸಾಲಿನಲ್ಲಿ ಕೂತ ನನಗೇ ಏನೂ ಕೇಳಿಸಲಿಲ್ಲ. ತುಟಿ ಅಲ್ಲಾಡಿತು, ಕೈ ಅಲ್ಲಾಡಿತು, ಕೊನೆಗೆ ಶಾಲು ಬಂತು. ಮರುದಿನ ಪತ್ರಿಕೆಯಲ್ಲಿ ಮತ್ತೆ ಗುಡುಗಿದ್ದರು. ಇನ್ನು ನಮ್ಮ ಆಯಿಯದು ಬೇರೆ ಲೆಕ್ಕ. ಆಯಿ ಎಂದರೆ ಅಪ್ಪನ ಅವ್ವ. ನಾನು ಅವಳದೇ ದನಿ ತೆಗೆದು ಅವಳನ್ನೇ ಕರೆದರೆ, "ನಿನ್ನ ಬಾಯಿಗೆ ಸಿಡ್ಲ ಬಡೀಲೋ ಭಾಡ್ಯಾ" ಎನ್ನುತ್ತಲೇ ಅದೇ ಬಾಯಿಗೆ ತುಪ್ಪ ಸವರಿದ ರೊಟ್ಟಿ ತುರುಕುತ್ತಾಳೆ. ನಿಜವಾದ ಸಿಡಿಲು ಬಂದಾಗ ಮಾತ್ರ ಅವಳ ತಮಾಷೆ ನಿಲ್ಲುತ್ತದೆ. ಕಣ್ಣು ಮುಚ್ಚಿ "ಅರ್ಜುನಾ, ಫಲ್ಗುಣಾ, ಪಾರ್ಥಾ, ಕಿರೀಟಿ" ಎಂದು ಅರ್ಜುನನ ಹೆಸರು ಹೇಳುತ್ತಾಳೆ. ಹೇಳಿದವರ ಮೇಲೆ ಸಿಡಿಲು ಬೀಳುವುದಿಲ್ಲವಂತೆ. ಕಿರೀಟಿಯಾಚೆ ಅವಳಿಗೆ ನೆನಪಿಲ್ಲ. ಆದ್ದರಿಂದ ಧರ್ಮರಾಯ, ಭೀಮ, ನಕುಲರನ್ನೂ ಕರೆದು ಸಾಲು ತುಂಬಿಸುತ್ತಾಳೆ. ಸಿಡಿಲೂ ಇಲ್ಲಿಯವರೆಗೆ ತಕರಾರು ಮಾಡಿಲ್ಲ.

ಮಗ್ಗುಲ ತೋಟದ ಭೂಪಾಲ ಕಾಕಾ ಇವರೆಲ್ಲರಿಗೂ ತದ್ವಿರುದ್ಧ. ದನಿಯನ್ನು ಕೂಡಿಟ್ಟರೆ ಬಡ್ಡಿ ಬರುತ್ತದೆ ಎಂಬಂತೆ ಮಾತನಾಡುವವರು. ಅವರ ಮಾತು ಕೇಳಬೇಕಾದರೆ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದು ಒಪ್ಪಿಸಬೇಕು. ಅಪ್ಪನೂ ಅವರೂ ಬದುವಿನ ಮೇಲೆ ಕೂತು ಮಾತಾಡುತ್ತಿದ್ದರೆ ದೂರದಿಂದ ನೋಡಿದವರು, ಒಬ್ಬ ಬಯ್ಯುತ್ತಿದ್ದಾನೆ, ಇನ್ನೊಬ್ಬ ಬೈಸಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅಪ್ಪ ಮಾವಿನ ಉಪ್ಪಿನಕಾಯಿಯನ್ನು ಹೊಗಳುತ್ತಿರುತ್ತಾನೆ. ಅಪ್ಪ ಎದ್ದು ಹೋದ ಮೇಲೆ ಕಾಕಾ ನನ್ನ ಕಿವಿಯಲ್ಲಿ "ಗರ್ಜೇಲ ತೋ ಪಡೇಲ ಕಾಯ್? ಗುಡುಗೂ ಮೋಡ ಸುರ್ಯಂಗಿಲ್ಲೋ ತಮ್ಮಾ" ಎಂದು ಎರಡೂ ಭಾಷೆಯಲ್ಲಿ ಪಿಸುಗುಟ್ಟಿ ನಗುತ್ತಾರೆ. ಗಾದೆಯನ್ನು ಅಪ್ಪನ ಎದುರಿಗೆ ಹೇಳಿದ್ದನ್ನು ನಾನು ಕಂಡಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮಗೆ ಕಬ್ಬೂ ಇದೆ, ದ್ರಾಕ್ಷಿಯೂ ಇದೆ. ಬೇಸಿಗೆಯಲ್ಲಿ ಗುಡುಗಿದರೆ ಕಬ್ಬು ಹಾಕಿದವನು ನಗುತ್ತಾನೆ, ದ್ರಾಕ್ಷಿ ಒಣಗಲು ಹಾಕಿದವನು ಅಳುತ್ತಾನೆ. ಎರಡೂ ಇರುವ ಅಪ್ಪ ಯಾವ ಕಡೆ ಮುಖ ಮಾಡಿ ಏನು ಮಾಡಬೇಕೆಂದು ತಿಳಿಯದೆ, ನಡುವೆ ನಿಂತ ನನ್ನ ಕಡೆ ಮುಖ ಮಾಡಿ ಗುಡುಗುತ್ತಾನೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತೇವೆ. ಶೆಡ್ಡಿನ ಬಲೆಗಳ ಮೇಲೆ ಮಜಲು ಮಜಲಾಗಿ ಹರವಿದ ಹಣ್ಣು ಒಣಗಿದ ಮೇಲೆ ಅದನ್ನು ಕೆಳಗೆ ಉದುರಿಸಿ, ಅಂಗಳದಲ್ಲಿ ಕಡೆಯ ಬಿಸಿಲು ತೋರಿಸುತ್ತೇವೆ. ಆ ಹೊತ್ತಿನಲ್ಲಿ ಮಣೂಕದ ತಲೆಯ ಮೇಲೆ ಶೆಡ್ಡಿನ ಚಾವಣಿಯೂ ಇರುವುದಿಲ್ಲ. ವರ್ಷವಿಡೀ ಮಗುವಿನಂತೆ ನೋಡಿಕೊಂಡದ್ದು ಬೆತ್ತಲೆಯಾಗಿ ಅಂಗಳದಲ್ಲಿ ಮಲಗಿರುತ್ತದೆ. ನಾಲ್ಕು ಹನಿ ಬಿದ್ದರೂ ಬಂಗಾರದ ಬಣ್ಣ ಹೋಗಿ ಕಪ್ಪಾಗುತ್ತದೆ. ಕಪ್ಪಾದದ್ದನ್ನು ವ್ಯಾಪಾರಿ ಬಾಯಿಗೆ ಹಾಕಿಕೊಂಡು ನೋಡುವುದಿಲ್ಲ, ಬಾಯಿ ಸೊಟ್ಟ ಮಾಡಿ ನೋಡುತ್ತಾನೆ. ಆದ್ದರಿಂದ ಆ ದಿನಗಳಲ್ಲಿ ನಮ್ಮ ಊರು ಕಣ್ಣಿನಿಂದಲ್ಲ, ಕಿವಿಯಿಂದ ಬದುಕುತ್ತದೆ. ಗುಡುಗು ಕೇಳಿತೋ, ಮಣೂಕದ ಮೇಲೆ ತಾಡಪತ್ರಿ ಎಳೆ.

ಆದರೆ ನಮ್ಮ ತೋಟದ ಮಗ್ಗುಲಲ್ಲೇ ಕಾರ್ಖಾನೆಯ ರಸ್ತೆ. ಕಬ್ಬು ಇಳಿಸಿ ವಾಪಸು ಬರುವ ಟ್ರ್ಯಾಕ್ಟರುಗಳ ಬೆನ್ನಿಗೆ ಎರಡೆರಡು ಖಾಲಿ ಟ್ರೇಲರು. ಅವು ಆ ತಗ್ಗು ದಿನ್ನೆಯ ಮೇಲೆ ಹಾರಿ ಬಿದ್ದಾಗ ಬರುವ ಸದ್ದಿದೆಯಲ್ಲ, ಸಾಕ್ಷಾತ್ ಗುಡುಗು. ದೂರದಲ್ಲಿ ಗುರುಗುರು, ಹತ್ತಿರದಲ್ಲಿ ಧಡಲ್, ಮತ್ತೆ ದೂರ ಹೋಗುತ್ತ ಗುರುಗುರು. ಹೋದ ವರ್ಷ ಇಡೀ ಹಂಗಾಮು ಜನ ತಾಡಪತ್ರಿ ಹಿಡಿದು ಓಡಿದ್ದೇ ಓಡಿದ್ದು. ಎಲ್ಲ ಮುಚ್ಚಿ ಬೆವರು ಒರೆಸಿಕೊಂಡು ಆಕಾಶ ನೋಡುವಷ್ಟರಲ್ಲಿ, ಹಾಡು ಹಚ್ಚಿಕೊಂಡ ಡ್ರೈವರನೊಬ್ಬ ಕೈ ಬೀಸಿ ಹೋಗುತ್ತಿದ್ದ. ಆಗ ನನ್ನ ಕಿವಿ ಉಪಯೋಗಕ್ಕೆ ಬಂತು. ದನಿ ಕದಿಯುವವನಿಗೆ ಕಿವಿ ಚೂಪಿರಬೇಕಾಗುತ್ತದೆ. "ಕುಂದ್ರ್ರಿ, ಅದು ಟ್ರೇಲರ್. ಹಿಂದಿಂದರ ಹಲಗಿ ಸಡ್ಲ ಆಗೇತಿ" ಎಂದು ನಾನು ಕೂತಲ್ಲಿಂದಲೇ ಹೇಳುತ್ತಿದ್ದೆ, ರಸ್ತೆಗೆ ಹೋಗಿ ನೋಡಿದರೆ ಹಿಂದಿನದರ ಹಲಗೆ ಸಡಿಲ. ಸುತ್ತಲ ತೋಟದವರು ಗುಡುಗು ಕೇಳಿದರೆ ಆಕಾಶ ನೋಡುವುದು ಬಿಟ್ಟು ನನ್ನ ಮುಖ ನೋಡತೊಡಗಿದರು. ಭೂಪಾಲ ಕಾಕಾ ಇದಕ್ಕೆ "ಗುಡುಗಿನ ಇಲಾಖೆ" ಎಂದು ಹೆಸರಿಟ್ಟರು. ಅಪ್ಪನೊಬ್ಬ ಮಾತ್ರ, "ಬ್ಯಾರೇದವರ ದನಿ ಮಾಡೂದು, ಬ್ಯಾರೇದರ ಸಪ್ಪಳಾ ಕೇಳೂದು. ನಿಂದಂತ ಏನರ ಐತೇನೋ ನಿನ್ನ ಹಂತ್ಯಾಕ?" ಎಂದು ಕೇಳಿದ. ನಾನು ನಕ್ಕುಬಿಟ್ಟೆ. ಆ ಪ್ರಶ್ನೆ ಮಾತ್ರ ಒಳಗೆ ಎಲ್ಲೋ ಕೂತಿತು.

ಈ ವರ್ಷ ಯುಗಾದಿಯ ಆಸುಪಾಸು, ನಮ್ಮ ಮಣೂಕ ಅಂಗಳಕ್ಕೆ ಇಳಿದ ದಿನವೇ, ನಮ್ಮ ಸೀಮೆಯದೇ ಆದ ಅನಂತಪುರದ ನೆಂಟರಿಂದ ಅಪ್ಪನಿಗೆ ಕರೆ ಬಂತು. ಅಲ್ಲಿ ಅಣ್ಣತಮ್ಮಂದಿರಿಬ್ಬರ ನಡುವೆ ಬದುವಿನ ಜಗಳ. ಇಂಥ ಪಂಚಾಯಿತಿಗೆ ಅಪ್ಪನನ್ನು ತಪ್ಪದೆ ಕರೆಯುತ್ತಾರೆ. ಅವನ ನ್ಯಾಯ ಬಹಳ ನಿಖರ ಎಂದೇನಲ್ಲ. ಅವನು ಬಾಯಿ ತೆರೆದರೆ ಜಗಳಾಡುವವರ ಮಾತು ಒಬ್ಬರದು ಒಬ್ಬರಿಗೆ ಕೇಳಿಸುವುದಿಲ್ಲ, ಹಾಗಾಗಿ ಜಗಳ ತಾನಾಗಿಯೇ ನಿಲ್ಲುತ್ತದೆ. ಅಪ್ಪ ಮೋಟರ್‌ಸೈಕಲ್ಲು ಚಾಲೂ ಮಾಡಿ, ಮಣೂಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಎರಡರಲ್ಲಿ ಯಾವುದು ಹೆಚ್ಚು ಕಳವಳದ್ದು ಎಂದು ತೂಗುವಂತಿತ್ತು.

"ಕಿವಿ ಮ್ಯಾಲಿರ್ಲಿ. ಬಾಯಿ ಮುಚ್ಚಿರ್ಲಿ. ತಿಳೀತಿಲ್ಲೋ?"

"ತಿಳೀತಪಾ."

"ಇದರಾಗ ಒಂದ ವರ್ಷದ ಬೆವರ ಐತಿ. ನಿನ್ನ ಕೈಯಾಗ ಕೊಟ್ಟ ಹೊಂಟೇನಿ."

ತೋಟವನ್ನು ನನ್ನ ಕೈಗೆ ಬಿಟ್ಟು ಅವನು ಹೋದದ್ದು ಅದೇ ಮೊದಲು. ನಾನು ಎದೆಯುಬ್ಬಿಸಿ ನಿಂತೆ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಬಾಯಿ ಮುಚ್ಚಿಯೇ ಇದ್ದೆ.

ಆಮೇಲಿನದಕ್ಕೆ ನಾನೊಬ್ಬನೇ ಕಾರಣನಲ್ಲ. ಮಣೂಕದಲ್ಲಿನ ತೊಟ್ಟು ಆರಿಸಲು ಹೆಣ್ಣಾಳುಗಳು ಬಂದಿದ್ದರು; ಅವರ ಮುಂದಾಳು ಶಾಂತವ್ವ. ಮಧ್ಯಾಹ್ನದ ರೊಟ್ಟಿ ತಿಂದು ಎಲ್ಲರಿಗೂ ತೂಕಡಿಕೆ ಹತ್ತಿದ್ದಾಗ ಅವಳೇ "ತಮ್ಮಾ, ಏನರೆ ಮಾಡಿ ನಗಸೋ, ಇಲ್ಲಂದ್ರ ಇಲ್ಲೇ ಮಲಗ್ತೇವಿ ನೋಡ" ಎಂದಳು. ಆಳುಗಳು ಮಲಗಬಾರದು ಎಂಬ ಹೊಣೆಗಾರಿಕೆಯಿಂದ, ಹೌದು, ಹೊಣೆಗಾರಿಕೆಯಿಂದಲೇ, ನಾನು ಶುರು ಮಾಡಿದೆ. ಕಂಡಕ್ಟರು ಬಂದ, ಮುದುಕಿ ಬಂದಳು. ಭೂಪಾಲ ಕಾಕಾ ತಮ್ಮ ತೋಟದಿಂದ ಬದು ದಾಟಿ ಬಂದು ಬೇವಿನ ಬುಡದಲ್ಲಿ ಆಯಿಯ ಮಗ್ಗುಲು ಕೂತದ್ದೇ ತಡ, ಅವರ ಎದುರಿಗೇ ಅವರನ್ನೂ ಕರೆತಂದೆ: ಬೆಂಕಿ ಬಿದ್ದರೂ ಪಕ್ಕದವನ ಕಿವಿಯಲ್ಲಿ "ಬೆಂಕಿ ಬಿದ್ದೈತಿ ಅನಸ್ತೈತಿ, ಯಾರಿಗೂ ಹೇಳಬ್ಯಾಡ" ಎನ್ನುವ ಕಾಕಾ. ಅವರಿಗೂ ನಗು ತಡೆಯಲಾಗಲಿಲ್ಲ. ನಕ್ಕರು, ಸದ್ದು ಬರಲಿಲ್ಲ.

"ನಿಮ್ಮಪ್ಪಂದ ಮಾಡ್ ನೋಡೂನು" ಎಂದಳು ಶಾಂತವ್ವ.

ಮಾಡಿದೆ. ನೆಗಡಿಯೇ ಬಂತು. ಹೆಂಗಸರು ಮಣೂಕದ ಮೇಲೆ ಹೊರಳಾಡದಿದ್ದದ್ದು ನಮ್ಮ ಪುಣ್ಯ.

ಆಗಲೇ ಪಡುವಣದಲ್ಲಿ ಗುರುಗುರು ಎಂದಿತು. ನಾಲ್ಕಾರು ಜನ ತಾಡಪತ್ರಿಯ ಕಡೆ ಎದ್ದರು. ನಾನು ಕೈ ಎತ್ತಿದೆ. "ಕುಂದ್ರ್ರಿ. ಟ್ರೇಲರ್." ಕೂತರು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಇನ್ನೂ ಉದ್ದಕ್ಕೆ. "ಹಿಂದಿಂದ ಬಂತ ನೋಡ್ರಿ" ಎಂದೆ. ಶಾಂತವ್ವ ರಸ್ತೆಯ ಕಡೆ ಕತ್ತು ಚಾಚಿ, "ಟ್ರೇಲರ್ ಬಂದ್ರ ಧೂಳಾ ಎಲ್ಲೈತೋ ಯಪ್ಪಾ?" ಎಂದಳು. ಬೇವಿನ ಬುಡದಿಂದ "ಅರ್ಜುನಾ, ಫಲ್ಗುಣಾ" ಶುರುವಾಯಿತು. "ಆಯೀ, ಟ್ರೇಲರಿಗೆ ಅರ್ಜುನನ್ನ ಯಾಕ ಕರೀತಿ? ಅವಂಗೇನ ಲೈಸೆನ್ಸ್ ಐತಿ?" ಎಂದೆ ನಾನು. ಎಲ್ಲರೂ ನಕ್ಕರು. ನನಗೂ ನನ್ನ ಮಾತು ಬಹಳ ಹಿಡಿಸಿತು. ಕಾಕಾ ಮೆಲ್ಲಗೆ "ಗರ್ಜೇಲ ತೋ ಪಡೇಲ ಕಾಯ್" ಎಂದು ಆಧಾರವನ್ನೂ ಒದಗಿಸಿದರು. ಆಯಿ ನಕುಲನವರೆಗೆ ಬಂದಿದ್ದಳು.

ಆಮೇಲೆ ಗಾಳಿ ಬಂತು. ಮಣ್ಣಿನ ವಾಸನೆ ಹೊತ್ತುಕೊಂಡು ಬರುವ ಗಾಳಿ. ಯಾವ ಟ್ರೇಲರಿನ ಹಿಂದೆಯೂ ಅಂಥ ಗಾಳಿ ಬರುವುದಿಲ್ಲ. ತಿರುಗಿ ನೋಡಿದರೆ ಶೆಡ್ಡಿನ ಹಿಂದೆ ಆಕಾಶ ಹಂಚಿನ ತಳದಂತೆ ಕಪ್ಪಾಗಿ ನಿಂತಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಇಷ್ಟು ಹೊತ್ತು ಆಟ ತೋರಿಸಿದ್ದೆ; ನೋಡುವವರ ಕಣ್ಣೆಲ್ಲ ನನ್ನ ಮುಖದ ಮೇಲಿತ್ತು. ಮೊದಲ ಹನಿ ನನ್ನ ಮೂಗಿನ ಮೇಲೆ ಬಿತ್ತು. ಮೂಗು ನನ್ನದು, ಕಪ್ಪಾದರೂ ನಡೆಯುತ್ತದೆ. ಎರಡನೆಯದು ಬೀಳುವುದು ಎಲ್ಲಿ?

"ಮಳಿ! ಮಳಿ ಬಂತ್ರಿ, ತಾಡಪತ್ರಿ ಎಳೀರಿ!" ಎಂದು ಕೂಗಿದೆ.

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಯಾರ್ದಲೇ ದನಿ?" ಎಂದಳು ಒಬ್ಬಳು. "ಭೂಪಾಲ ಕಾಕಾನ ಮಣೂಕ ತೊಯ್ದಾಗಿಂದು!" ಎಂದಳು ಇನ್ನೊಬ್ಬಳು. ನಾನು ಮತ್ತೆ ಕೂಗಿದೆ, ಕೈ ಮುಗಿದೆ, ಕಾಲು ಬಡಿದೆ. "ಕಾಲ ಬಡ್ಯೂದು ಚಂದ ಐತಿ ನೋಡ" ಎಂದು ಶಾಂತವ್ವ ಮೆಚ್ಚಿಕೊಂಡಳು. ಎಲ್ಲರ ದನಿಯನ್ನೂ ತೆಗೆದು ತೆಗೆದು, ನನ್ನ ಸ್ವಂತದ ಕೂಗು ಯಾರಿಗೂ ಗುರುತಿಲ್ಲದ ಹಾಗೆ ಮಾಡಿಕೊಂಡಿದ್ದೆ. ಅಂಗಳದಲ್ಲಿ ಅಪ್ಪನ ವರ್ಷದ ಬೆವರು ಬಂಗಾರದ ಬಣ್ಣದಲ್ಲಿ ಹರಡಿಕೊಂಡಿತ್ತು. ಅಂಚಿನ ಮೇಲೆ ಪಟ್ ಎಂದು ಒಂದು ಹನಿ ಬಿತ್ತು. ಅದು ಬಿದ್ದದ್ದು ನನಗೆ ಕೇಳಿಸಿತು.

"ಏಯ್!"

ನನ್ನ ಬಾಯಿಂದ ಏನು ಬಂತೋ ನನಗೇ ತಿಳಿಯಲಿಲ್ಲ. ಹೊಟ್ಟೆಯಿಂದ ಎಳೆಯಲಿಲ್ಲ, ಕೆನ್ನೆ ಉಬ್ಬಿಸಲಿಲ್ಲ. "ನಕ್ಕೋಂತ ಕುಂತೀರೇನು! ಹಿಡೀರಿ ಆ ತುದಿ! ಎಳೀರಿ ಈ ಕಡೆ! ಮಣೂಕ ತೊಯ್ದ್ರ ಒಬ್ಬೊಬ್ಬರನ್ನ ನೋಡ್ಕೋತೇನಿ!" ಶೆಡ್ಡಿನ ತಗಡು ಝಣ್ಣೆಂದಿತು. ಬೇವಿನ ಮೇಲಿನ ಕಾಗೆ ಹಾರಿತು. ನಗು ಅರ್ಧಕ್ಕೇ ನುಂಗಿ ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಶಾಂತವ್ವ ತಾಡಪತ್ರಿಯ ತುದಿ ಹಿಡಿದು ಓಡಿದ ವೇಗಕ್ಕೆ ಅವಳ ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಭೂಪಾಲ ಕಾಕಾ ಮೊದಲು ನಮ್ಮ ತಾಡಪತ್ರಿ ಹಿಡಿದರು, ಆಮೇಲೆ ತಮ್ಮದೂ ಅಂಗಳದಲ್ಲಿದೆ ಎಂಬುದು ನೆನಪಾಗಿ, ಜೀವಮಾನದಲ್ಲಿ ಮೊದಲ ಬಾರಿಗೆ ಊರಿಗೆ ಕೇಳುವಂತೆ "ಅಯ್ಯಯ್ಯೋ!" ಎಂದು ಕಿರುಚಿ ಬದು ಹಾರಿದರು. ಅವರ ಬೆನ್ನಿಗೆ ನಾನು ನಾಲ್ಕು ಜನರನ್ನು ಅದೇ ದನಿಯಲ್ಲಿ ಅಟ್ಟಿದೆ. ಸುತ್ತಲ ತೋಟಗಳಲ್ಲೂ ತಾಡಪತ್ರಿ ಬಡಿದುಕೊಳ್ಳುವ ಸದ್ದು ಕೇಳಿತು. ಆಕಾಶ ಎರಡು ಸಲ ಹೇಳಿದರೂ ಏಳದವರು, ಒಂದೇ ಕೂಗಿಗೆ ಎದ್ದಿದ್ದರು.

ತಾಡಪತ್ರಿಯ ಅಂಚಿಗೆ ಕಲ್ಲು ಹೇರಿ ಮುಗಿಸುವುದಕ್ಕೂ ಮಳೆ ಧೋ ಎಂದು ಸುರಿಯುವುದಕ್ಕೂ ಸರಿಹೋಯಿತು. ಅಂಚಿನಲ್ಲಿ ಒಂದಿಷ್ಟು ತೊಯ್ದಿತ್ತು, ಉಳಿದದ್ದೆಲ್ಲ ಬೆಚ್ಚಗಿತ್ತು. ಎಲ್ಲರೂ ಶೆಡ್ಡಿನೊಳಗೆ ಸೇರಿ ಏದುಸಿರು ಬಿಡುತ್ತಿದ್ದಾಗ ಶಾಂತವ್ವ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದಳು: "ಮಾಲಕ್ರು ಯಾವಾಗ ಬಂದ್ರೋ? ಎಲ್ಲೆದಾರ?"

"ಎಲ್ಲಿ ಮಾಲಕ್ರು? ನಾನಬೇ ಒದರಿದ್ದು" ಎಂದೆ.

ಆಮೇಲೆ ಹೊಗಳಿಕೆಯ ಮಳೆ ಬೇರೆ ಸುರಿಯಿತು. ತೊಯ್ದು ತೊಪ್ಪೆಯಾಗಿ ಬಂದ ಭೂಪಾಲ ಕಾಕಾ ನನ್ನ ಕೈ ಕುಲುಕಿ, "ಹುಬೇಹೂಬ್! ಥೇಟ್ ನಿಮ್ಮಪ್ಪ! ನನ್ನ ಮಣೂಕಾನೂ ಉಳಿಸಿದೆಲೋ ತಮ್ಮಾ" ಎಂದರು. ದನಿ ಆಗಲೇ ಮತ್ತೆ ಪಿಸುಮಾತಿಗೆ ಇಳಿದಿತ್ತು. ಇಂಥ ಹೊಗಳಿಕೆಯನ್ನು ಬೇಡ ಎನ್ನುವಷ್ಟು ದೊಡ್ಡವನಲ್ಲ ನಾನು. ಕಲಾವಿದರು ಬಾಗುವಂತೆ ಸ್ವಲ್ಪ ಬಾಗಿದೆ.

ಅಷ್ಟರಲ್ಲಿ ಅಪ್ಪನೇ ಬಂದ. ಅನಂತಪುರದ ಜಗಳವನ್ನು ಅರ್ಧಕ್ಕೆ ಬಿಟ್ಟು, ಮೋಡ ಕಂಡ ಕೂಡಲೇ ಗಾಡಿ ತಿರುಗಿಸಿದ್ದ. ಮೈಯೆಲ್ಲ ನೀರು. ಗಾಡಿ ನಿಲ್ಲಿಸದೆ ಕೆಡವಿ, ತಾಡಪತ್ರಿಯ ಬಳಿ ಕುಕ್ಕರಗಾಲಲ್ಲಿ ಕೂತು, ಅಂಚೆತ್ತಿ ಕೈ ಹಾಕಿ ಒಂದು ಹಿಡಿ ತೆಗೆದ. ಒಣಗಿತ್ತು. ಅದನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಬಂದು, ಅಷ್ಟೂ ಜನರ ಮುಂದೆ ನನ್ನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ, ಗುಡುಗು ಬರಲಿಲ್ಲ. ಬಂದದ್ದು ಭೂಪಾಲ ಕಾಕಾನದಕ್ಕಿಂತ ಸಣ್ಣ ದನಿ: "ಉಳಿಸಿದಿ."

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಕಾಕಾ ಸುಮ್ಮನಿರಲಿಲ್ಲ. "ನಿನ್ನ ದನೀಲೆ ಒದರಿ ಉಳಿಸ್ಯಾನೋ ಮಾರಾಯಾ. ನಾ ಓಡಿದ ಹೊಡ್ತಕ್ಕ ಧೋತರಾ ಹರೀತು!"

"ನನ್ನ ದನೀಲೆ?" ಅಪ್ಪ ಹುಬ್ಬು ಏರಿಸಿದ. "ಎಲ್ಲಿ, ಮಾಡಿ ತೋರ್ಸು."

ನಾನು ಕೆನ್ನೆ ಉಬ್ಬಿಸಿದೆ. ಹೊಟ್ಟೆಯಿಂದ ಎಳೆದೆ. "ಏಯ್" ಎಂದೆ. ನೆಗಡಿ ಬಂತು. ಇನ್ನೊಮ್ಮೆ ಯತ್ನಿಸಿದೆ, ಈ ಸಲ ಕೆಮ್ಮೂ ಬಂತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಪ್ಪ ನಗುತ್ತ, "ಇದಕ್ಕ ಎದ್ದೀರೇನು ನೀವು? ಇದಕ್ಕ ನಮ್ಮನಿ ಕೋಳೀನೂ ಏಳಂಗಿಲ್ಲ" ಎಂದ.

ಆಗ ಮೂಲೆಯಲ್ಲಿ ಕೂತ ಆಯಿ ಮಾತನಾಡಿದಳು. ಅವಳು ಇನ್ನೂ ತಲೆಯ ಮೇಲಿನ ಸೆರಗು ತೆಗೆದಿರಲಿಲ್ಲ; ಮಳೆಗೆ ಹೊದ್ದುಕೊಂಡಿದ್ದಾಳೆ ಎಂದು ನಾನು ತಿಳಿದಿದ್ದೆ. "ಅವ ಒದರಿದ್ದು ನಿನ್ನ ದನಿ ಅಲ್ಲೋ" ಎಂದಳು ಮಗನಿಗೆ. "ನಿಮ್ಮಪ್ಪಂದು. ಎಷ್ಟ ವರ್ಷ ಆತು ಕೇಳಿ. ಬಂದ್ರಲ್ಲಾ ಅಂತ ಹೇಳಿ ಲಗೂನ ಸೆರಗ ಎಳಕೊಂಡೆ. ಅರ್ಜುನನ ಹೆಸರೂ ಅಲ್ಲಿಗೇ ನಿಂತಬಿಡ್ತು."

ನನ್ನ ಅಜ್ಜನನ್ನು ನಾನು ನೋಡಿಲ್ಲ, ಅವನ ದನಿ ಕೇಳಿಲ್ಲ. ಕೇಳದ ದನಿಯನ್ನು ಯಾವ ಮಿಮಿಕ್ರಿಯವನೂ ಮಾಡಲಾರ. ಅಪ್ಪ ನನ್ನನ್ನು ನೋಡಿದ, ಕೈಯಲ್ಲಿದ್ದ ಮಣೂಕವನ್ನು ನನ್ನ ಅಂಗೈಗೆ ಸುರಿದ, ಬಿದ್ದ ಗಾಡಿ ಎತ್ತಲು ಹೊರಗೆ ಹೋದ. "ನಿಂದಂತ ಏನರ ಐತೇನೋ" ಎಂಬ ಪ್ರಶ್ನೆಯನ್ನು ಅವನು ಆಮೇಲೆ ಕೇಳಿಲ್ಲ.

ಊರಿನವರು ಮಾತ್ರ ಇದನ್ನು ಈಗಲೂ ನನ್ನ ಶ್ರೇಷ್ಠ ಮಿಮಿಕ್ರಿ ಎಂದೇ ಹೇಳಿಕೊಂಡು ತಿರುಗುತ್ತಾರೆ. ಮದುವೆಗಳಲ್ಲಿ "ಸಂತ್ಯಾ, ಆ ಮಣೂಕದ ಗುಡುಗು ಒಂದ ಸಲ" ಎಂದು ಕೂಗುತ್ತಾರೆ. ನಾನು ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಳ್ಳುತ್ತೇನೆ. ಅದು ಮಿಮಿಕ್ರಿ ಅಲ್ಲ ಎಂದು ಹೇಳಿದರೆ ಅವರು ನಂಬುವುದಿಲ್ಲ, ನಂಬಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಇಷ್ಟು ವರ್ಷ ಅಪ್ಪನ ಗುಡುಗನ್ನು ಊರ ತುಂಬ ಆಡಿಕೊಂಡು ನಕ್ಕವನು, ನನ್ನದೇ ಮನೆಯ ಮಾಲನ್ನು ಬೇರೆಯವರದೆಂದು ತಿಳಿದು ನಕ್ಕಿದ್ದೆ ಎಂದಾಯಿತಲ್ಲ! ಕನ್ನಡಿಯ ಮುಂದೆ ನಿಂತು ಪ್ರಯತ್ನಪಟ್ಟರೆ ಅದು ಇಂದಿಗೂ ಬರುವುದಿಲ್ಲ. ದನ ಕಬ್ಬಿಗೆ ನುಗ್ಗಿದಾಗ, ಮೋಟರು ಉರಿದಾಗ, ಅವ್ವ ಚಹಾಕ್ಕೆ ಸಕ್ಕರೆ ಮರೆತಾಗ ಕರೆಯದೆ ಬರುತ್ತದೆ. ಬಂದಾಗಲೆಲ್ಲ ಅಪ್ಪ ಪಡಸಾಲೆಯಿಂದ ತೃಪ್ತಿಯಿಂದ ಕೆಮ್ಮುತ್ತಾನೆ.

ಮೊನ್ನೆ ಗೆಳೆಯನೊಬ್ಬ ಫೋನು ಮಾಡಿದ, ನನಗೆ "ನೆಗಡಿ" ಎಂದು ತೀರ್ಪು ಕೊಟ್ಟವರಲ್ಲೇ ಒಬ್ಬ. ಅಂಗಳದಲ್ಲಿ ಆಡು ಹೂವಿನ ಗಿಡ ಮೇಯುತ್ತಿತ್ತು, ಅದರ ಮೇಲಿನ ಸಿಟ್ಟಿನಲ್ಲೇ "ಹಲೋ!" ಎಂದೆ. ಆ ಕಡೆಯಿಂದ, ನಮ್ಮಪ್ಪನೆದುರು ಮಾತ್ರ ತೆಗೆಯುವ ಬಹಳ ವಿನಯದ ದನಿ: "ನಮಸ್ಕಾರ್ರಿ ಕಾಕಾ. ಸಂತ್ಯಾ ಅದಾನೇನ್ರಿ?"

"ಇಲ್ಲ" ಎಂದೆ. "ಹೋಗ್ಯಾನ."

ಫೋನು ಇಟ್ಟ ಮೇಲೆ ಯೋಚಿಸಿ ನೋಡಿದೆ. ಸುಳ್ಳೇನೂ ಹೇಳಿರಲಿಲ್ಲ.